ಕರೆತರುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು: ಕೋಲಾರದ ಚಿನ್ನದ ಗಣಿಗಳಿಂದ ಕಲಿಯಬೇಕಾದದ್ದು

ನಮ್ಮ ಸಟನ್ ನಿಲ್ದಾಣದಲ್ಲಿ ಥೇಮ್ಸ್‌ಲಿಂಕ್ ರೈಲು ಹತ್ತಿ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ ಇಳಿದು, ನದಿಯ ದಂಡೆಯಲ್ಲಿ ಸೌತ್‌ವರ್ಕ್ ಸೇತುವೆಯ ಕಡೆಗೆ ಸ್ವಲ್ಪ ದೂರ ನಡೆದರೆ ಕ್ವೀನ್ ಸ್ಟ್ರೀಟ್ ಪ್ಲೇಸ್ ಎಂಬ ಚಿಕ್ಕ ರಸ್ತೆ ಸಿಗುತ್ತದೆ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆಯ ಕಚೇರಿ ಇದ್ದದ್ದು ಇಲ್ಲಿ. ಎಪ್ಪತ್ತಕ್ಕೂ ಹೆಚ್ಚು ವರ್ಷ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ್ದು ಈ ಸಂಸ್ಥೆ. ಇಂದು ನಮ್ಮ ಮಕ್ಕಳಿಗೆ ಕೆಜಿಎಫ್ ಎಂದರೆ 2018ರಲ್ಲಿ ತೆರೆಕಂಡ ಯಶ್ ಅವರ ಚಲನಚಿತ್ರ. ಆದರೆ ನಿಜವಾದ ಕೆಜಿಎಫ್‌ನ ಕಥೆ ಸಿನಿಮಾದ ಕಥೆಗಿಂತ ಬೇರೆ. ಅದರ ಒಂದು ಎಳೆ ಈ ಊರಿನಲ್ಲಿ ನೆಲೆಸಿರುವ ನಮ್ಮೆಲ್ಲರ ಬದುಕಿಗೂ ತಾಗುತ್ತದೆ.

ಆ ಎಳೆ ಒಂದು ಸರಳ ಪ್ರಶ್ನೆ. ಕಷ್ಟದ, ಅಪಾಯದ, ದೂರದ ಜಾಗದ ಕೆಲಸಕ್ಕೆ ನುರಿತ ಜನರನ್ನು ಹೇಗೆ ಕರೆತರುವುದು? ಬಂದವರು ಬಿಟ್ಟು ಹೋಗದಂತೆ ಹೇಗೆ ನೋಡಿಕೊಳ್ಳುವುದು? ಇಂದಿಗೂ ಗಣಿ ಉದ್ಯಮ ಜಗತ್ತಿನಾದ್ಯಂತ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು. ಆಸ್ಪತ್ರೆಗಳಿಗೂ ತಂತ್ರಾಂಶ ಕಂಪನಿಗಳಿಗೂ ಇದೇ ಪ್ರಶ್ನೆ ಇದೆ. ನಮ್ಮಲ್ಲಿ ಬಹುತೇಕರು ಈ ದೇಶಕ್ಕೆ ಬಂದದ್ದು ಇದೇ ಪ್ರಶ್ನೆಗೆ ಉತ್ತರವಾಗಿಯೇ ಅಲ್ಲವೇ?

ಗಣಿಯಲ್ಲಿ ನುರಿತವರು ಎಂದರೆ ಯಾರು?

ಗಣಿ ಕೆಲಸವೆಂದರೆ ಹಾರೆ, ಗುದ್ದಲಿ, ತೋಳ್ಬಲ ಎಂಬ ಭಾವನೆ ಸಾಮಾನ್ಯ. ಅದು ಅರ್ಧ ಸತ್ಯ. ಒಂದು ಆಳದ ಗಣಿ ನಡೆಯಬೇಕಾದರೆ ಹತ್ತಾರು ಬಗೆಯ ನೈಪುಣ್ಯ ಬೇಕು. ಶಾಫ್ಟ್ ಎಂಬ ನೇರವಾದ ಬಾವಿಯಲ್ಲಿ ಜನರನ್ನೂ ಅದಿರನ್ನೂ ಏರಿಸಿ ಇಳಿಸುವ ವೈಂಡಿಂಗ್ ಎಂಜಿನ್‌ನ ಚಾಲಕನ ಕೈಯಲ್ಲಿ ಪ್ರತಿ ಪಾಳಿಯಲ್ಲೂ ನೂರಾರು ಜೀವಗಳಿರುತ್ತವೆ. ಸರ್ವೇಯರ್ ತಪ್ಪು ಅಳತೆ ಕೊಟ್ಟರೆ ಎರಡು ಕಡೆಯಿಂದ ಕೊರೆದುಕೊಂಡು ಬಂದ ಸುರಂಗಗಳು ಸಂಧಿಸುವುದೇ ಇಲ್ಲ. ಬಂಡೆಗೆ ಎಷ್ಟು ಆಳ ತೂತು ಕೊರೆಯಬೇಕು, ಎಷ್ಟು ಸಿಡಿಮದ್ದು ತುಂಬಬೇಕು, ಯಾವ ಕ್ರಮದಲ್ಲಿ ಸಿಡಿಸಬೇಕು ಎಂಬುದು ಬ್ಲಾಸ್ಟರ್‌ನ ವಿದ್ಯೆ. ಮೇಲಿನ ಬಂಡೆಗೆ ಮರದ ಆಸರೆ ಕೊಡುವವರದ್ದು ಇನ್ನೊಂದು ವಿದ್ಯೆ. ಆಳಕ್ಕೆ ಗಾಳಿ ತಲುಪಿಸುವುದು, ನೀರು ಹೊರಹಾಕುವುದು, ಅದಿರಿನಿಂದ ಚಿನ್ನ ಬೇರ್ಪಡಿಸುವುದು ಎಲ್ಲಕ್ಕೂ ತಿಳಿದವರೇ ಬೇಕು.

ಈ ವಿದ್ಯೆಯಲ್ಲಿ ಸ್ವಲ್ಪ ಭಾಗ ಪುಸ್ತಕದ್ದು, ಬಹುಭಾಗ ಅನುಭವದ್ದು. ಹಳೆಯ ಗಣಿಗಾರರು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡುತ್ತಾರೆ. ಗಟ್ಟಿ ಬಂಡೆ ಗಂಟೆಯಂತೆ ನಾದ ಕೊಡುತ್ತದೆ, ಸಡಿಲವಾದದ್ದು ಟೊಳ್ಳು ದನಿ ಕೊಡುತ್ತದೆ. ಆ ವ್ಯತ್ಯಾಸ ಕಿವಿಗೆ ಹತ್ತಲು ವರ್ಷಗಳು ಬೇಕು. ಹೀಗಾಗಿ ಒಬ್ಬ ಅನುಭವಿ ಬಿಟ್ಟು ಹೋದರೆ ಅವನ ಜಾಗಕ್ಕೆ ಮರುದಿನವೇ ಇನ್ನೊಬ್ಬನನ್ನು ತಂದು ನಿಲ್ಲಿಸಲು ಆಗುವುದಿಲ್ಲ. ಗಣಿಯಲ್ಲಿ ಜನರನ್ನು ಉಳಿಸಿಕೊಳ್ಳುವುದೆಂದರೆ ಖರ್ಚು ಉಳಿಸುವ ಮಾತಷ್ಟೇ ಅಲ್ಲ, ಉಳಿದವರ ಪ್ರಾಣ ಉಳಿಸುವ ಮಾತೂ ಹೌದು.

ಕಾರ್ನ್‌ವಾಲ್‌ನಿಂದ ಕೋಲಾರಕ್ಕೆ

ಟಿಪ್ಪು ಸುಲ್ತಾನನ ಪತನದ ಬಳಿಕ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಅದನ್ನು ಓದಿದ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ 1873ರಲ್ಲಿ ಅಲ್ಲಿ ಗಣಿ ನಡೆಸಲು ಅರ್ಜಿ ಹಾಕಿ, ಮುಂದೆ ಪರವಾನಗಿ ಪಡೆದ. ಆದರೆ ಅವನ ಬಳಿ ಬಂಡವಾಳವೂ ಇರಲಿಲ್ಲ, ಆಳಕ್ಕೆ ಇಳಿಯುವ ವಿದ್ಯೆ ಬಲ್ಲ ಜನರೂ ಇರಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಎರಡೂ ಬಂದವು. ಆರಂಭದ ವರ್ಷಗಳಲ್ಲಿ ಹೂಡಿದ ಹಣವೆಲ್ಲ ಮಣ್ಣುಪಾಲಾಯಿತು ಎಂಬ ಹೊತ್ತಿಗೆ ಕ್ಯಾಪ್ಟನ್ ಪ್ಲಮರ್ ಎಂಬಾತ ಹಳೆಯ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಚಾಂಪಿಯನ್ ಲೋಡ್ ಎಂಬ ಸಮೃದ್ಧ ಅದಿರಿನ ಪಟ್ಟಿಯನ್ನು ಕಂಡುಹಿಡಿದ. ಇಲ್ಲಿ ಕ್ಯಾಪ್ಟನ್ ಎನ್ನುವುದು ಸೈನ್ಯದ ಪದವಿಯಲ್ಲ. ಕಾರ್ನ್‌ವಾಲ್‌ನ ಗಣಿಗಳಲ್ಲಿ ಮೇಲ್ವಿಚಾರಕನನ್ನು ಹಾಗೆ ಕರೆಯುತ್ತಿದ್ದರು.

ಟೇಲರ್ ಮನೆತನಕ್ಕೆ ಕಾರ್ನ್‌ವಾಲ್‌ನ ತಾಮ್ರ, ತವರದ ಗಣಿಗಳ ಜೊತೆ ಹಳೆಯ ನಂಟು. 1866ರ ಸುಮಾರಿಗೆ ಅಲ್ಲಿನ ತಾಮ್ರದ ಗಣಿಗಾರಿಕೆ ಕುಸಿದಿತ್ತು. 1861ರಿಂದ 1901ರವರೆಗೆ ಪ್ರತಿ ದಶಕದಲ್ಲೂ ಕಾರ್ನ್‌ವಾಲ್‌ನ ಗಂಡಸರಲ್ಲಿ ಸುಮಾರು ಐದರಲ್ಲಿ ಒಬ್ಬರು ಹೊರದೇಶಕ್ಕೆ ಹೋದರು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಅಮೆರಿಕ, ಮೆಕ್ಸಿಕೊ, ಹಾಗೆಯೇ ಕೋಲಾರ. ಹೋದಲ್ಲೆಲ್ಲ ಅವರಿಗೆ 'ಕಸಿನ್ ಜ್ಯಾಕ್' ಎಂಬ ಅಡ್ಡಹೆಸರು. ಕೆಲಸ ಖಾಲಿ ಇದೆ ಎಂದರೆ ಸಾಕು, ಊರಿನಲ್ಲಿ ನನ್ನ ಕಸಿನ್ ಜ್ಯಾಕ್ ಇದ್ದಾನೆ, ಕರೆಸುತ್ತೇನೆ ಎನ್ನುತ್ತಿದ್ದರಂತೆ. ನಮ್ಮವರು 'ನಮ್ಮ ಭಾವನ ತಮ್ಮನೊಬ್ಬ ಬೆಂಗಳೂರಿನಲ್ಲಿ ಇದ್ದಾನೆ, ಅವನ ಸಿವಿ ಕಳಿಸಲೇ?' ಎಂದು ಕೇಳುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಕಂಪನಿ ಈ ಜನರಿಗಾಗಿ ಏನೇನು ಮಾಡಿತು ಎಂಬುದನ್ನು ಗಮನಿಸಬೇಕು. ಒಪ್ಪಂದದ ಸಂಬಳ, ತೋಟವಿರುವ ಬಂಗಲೆಗಳು, ಆಸ್ಪತ್ರೆ, ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು, ಮಕ್ಕಳಿಗೆ ಶಾಲೆ. ಬೌರಿಂಗ್‌ಪೇಟೆ ಅಂದರೆ ಇಂದಿನ ಬಂಗಾರಪೇಟೆಯಿಂದ ರೈಲು ಹಾದಿ ಬಂತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೆಜಿಎಫ್ ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಜನ ಕೆಜಿಎಫ್ ಅನ್ನು 'ಲಿಟಲ್ ಇಂಗ್ಲೆಂಡ್' ಎಂದು ಕರೆದದ್ದು ಸುಮ್ಮನಲ್ಲ. ದೂರದಿಂದ ಬಂದವನಿಗೆ ತನ್ನ ಊರು ಇಲ್ಲೇ ಇದೆ ಎನಿಸಬೇಕು ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಕೆಳಗೆ ಇಳಿದವರು

ಆದರೆ ಗಣಿಯ ನಿಜವಾದ ಭಾರ ಹೊತ್ತವರು ಈ ಬಂಗಲೆಗಳ ನಿವಾಸಿಗಳಲ್ಲ. ಸುತ್ತಲಿನ ಕೋಲಾರ ಸೀಮೆಯ ರೈತರಲ್ಲಿ ಹೊಲವಿದ್ದವರು ಭೂಮಿಯ ಒಳಗಿನ ಕೆಲಸಕ್ಕೆ ಅಷ್ಟಾಗಿ ಒಲವು ತೋರಲಿಲ್ಲ. ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಗಳ ಭೂಹೀನರು, ಅದರಲ್ಲೂ ದಲಿತರು. ಮೇಸ್ತ್ರಿಗಳೂ ಗುತ್ತಿಗೆದಾರರೂ ಹಳ್ಳಿಗಳಿಗೆ ಹೋಗಿ ಮುಂಗಡ ಕೊಟ್ಟು ಅವರನ್ನು ಕರೆತಂದರು. ಏರುಗಾಲದಲ್ಲಿ ಗಣಿಗಳಲ್ಲಿ ಸುಮಾರು ಮೂವತ್ತು ಸಾವಿರ ಜನ ದುಡಿಯುತ್ತಿದ್ದರು.

ಅವರು ಬಂದದ್ದು ಮುಂಗಡದ ಆಸೆಗೆ ಮಾತ್ರ ಎಂದರೆ ತಪ್ಪಾಗುತ್ತದೆ. ಹಳ್ಳಿಯಲ್ಲಿ ಜಮೀನ್ದಾರನ ಮನೆಯ ಜೀತ, ಕೆರೆ ನೀರು ಮುಟ್ಟುವಂತಿಲ್ಲ ಎಂಬ ಕಟ್ಟುಪಾಡು. ಗಣಿಯಲ್ಲಿ ಕೂಲಿ ಕಡಿಮೆಯಾದರೂ ನಗದು, ಯಾರ ಹಂಗೂ ಇಲ್ಲದ ಹಣ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಪಂಡಿತ ಅಯೋತಿದಾಸರ ಬೌದ್ಧ ಚಳವಳಿ ಮಾರಿಕುಪ್ಪಂ, ಚಾಂಪಿಯನ್ ರೀಫ್ ಕೂಲಿಗಳ ಲೈನುಗಳಲ್ಲಿ ಬೇರೂರಿತು. ಓದುವ ಕೂಟಗಳು, ಶಾಲೆಗಳು, ಮುದ್ರಣಾಲಯ ಹುಟ್ಟಿಕೊಂಡವು. ಕಂಪನಿ ಇವರಿಗಾಗಿ ಕಟ್ಟಿದ್ದು ತಟ್ಟಿಯ ಗುಡಿಸಲುಗಳ ಸಾಲು. ಅದನ್ನು ಊರನ್ನಾಗಿ ಮಾಡಿಕೊಂಡವರು ಅವರೇ.

ಬಂಗಲೆಯವನಿಗೆ ಕಂಪನಿ ಊರು ಕಟ್ಟಿಕೊಟ್ಟಿತು. ಆದರೂ ಒಪ್ಪಂದ ಮುಗಿದಾಗ ಅವನು ಹೊರಟು ಹೋದ. ಗುಡಿಸಲಿನವನಿಗೆ ಕೊಟ್ಟದ್ದು ಅಲ್ಪ, ಆದರೆ ಅವನು ಮೂರು ನಾಲ್ಕು ತಲೆಮಾರು ಅಲ್ಲೇ ಉಳಿದ. ಹಣ, ಸೌಕರ್ಯ ಮನುಷ್ಯನನ್ನು ಕರೆತರಬಲ್ಲವು. ಅವನನ್ನು ನಿಲ್ಲಿಸುವುದು ಘನತೆ ಮತ್ತು ತನ್ನವರ ಸಮುದಾಯ.

ಉಳಿಸಿಕೊಳ್ಳುವುದೋ, ಕಟ್ಟಿಹಾಕುವುದೋ?

ಉಳಿಸಿಕೊಳ್ಳುವುದು ಮತ್ತು ಕಟ್ಟಿಹಾಕುವುದು ಹೊರಗಿನಿಂದ ನೋಡಿದರೆ ಒಂದೇ ರೀತಿ ಕಾಣುತ್ತವೆ. ಎರಡರಲ್ಲೂ ಕೆಲಸಗಾರ ಬಿಟ್ಟು ಹೋಗುವುದಿಲ್ಲ. ಕೆಜಿಎಫ್‌ನಲ್ಲಿ ಎರಡೂ ಇದ್ದವು. ಮುಂಗಡ ತೀರುವವರೆಗೆ ಕೂಲಿ ಮೇಸ್ತ್ರಿಯ ಹಿಡಿತದಲ್ಲಿ. ಮನೆ ಕಂಪನಿಯದ್ದು, ಕೆಲಸ ಹೋದರೆ ಸೂರೂ ಹೋಯಿತು. ಚಿನ್ನದ ಕಳ್ಳತನದ ಭಯದಿಂದ ಪಾಳಿ ಮುಗಿಸಿ ಮೇಲೆ ಬಂದವರ ಮೈ ತಪಾಸಣೆ.

1930ರಲ್ಲಿ ಕಂಪನಿ ಕೆಲಸಗಾರರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಿತು. ಬೆರಳಚ್ಚು ಕೊಡುವುದೆಂದರೆ ಕಳ್ಳರ ಪಟ್ಟಿಗೆ ಸೇರಿದಂತೆ ಎಂದು ಜನ ಸಿಟ್ಟಿಗೆದ್ದರು. ಒಂದು ಗಣಿಯಲ್ಲಿ ಬಿಟ್ಟವನಿಗೆ ಇನ್ನೊಂದು ಗಣಿಯಲ್ಲಿ ಕೆಲಸ ಸಿಗದಂತೆ ಮಾಡಬಹುದು ಎಂಬ ಅಂಜಿಕೆಯೂ ಇತ್ತು. ಆಗ ಅವರಿಗೆ ಕಾನೂನು ಮನ್ನಣೆಯ ಕಾರ್ಮಿಕ ಸಂಘ ಇರಲಿಲ್ಲ. ಆದರೂ ಸಾವಿರಾರು ಜನ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಸಂಬಳ ಹೆಚ್ಚಿಸಿ ಎಂದು ಶುರುವಾದ ಮುಷ್ಕರವಲ್ಲ ಅದು. ನಮ್ಮನ್ನು ಕಳ್ಳರಂತೆ ಕಾಣಬೇಡಿ ಎಂಬುದರಿಂದ ಶುರುವಾದದ್ದು.

ದೇಹ ತೆತ್ತ ಬೆಲೆ

ಆಳ ಹೆಚ್ಚಿದಂತೆ ಎರಡು ವೈರಿಗಳು ಎದುರಾದವು. ಒಂದು ಬಂಡೆ ಸಿಡಿತ. ಮೇಲಿನ ಅಗಾಧ ಭಾರಕ್ಕೆ ಬಿಗಿದುಕೊಂಡ ಬಂಡೆ ಇದ್ದಕ್ಕಿದ್ದಂತೆ ಗುಂಡಿನಂತೆ ಸಿಡಿಯುತ್ತಿತ್ತು. ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು. ಇನ್ನೊಂದು ಉಷ್ಣತೆ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿಯಿತು. ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ತಂಪುಗೊಳಿಸಿದ ಗಾಳಿಯನ್ನು ಕೆಳಗೆ ಕಳಿಸಲು ದೊಡ್ಡ ಯಂತ್ರಗಳನ್ನು ಹಾಕಬೇಕಾಯಿತು.

ಮೂರನೆಯ ವೈರಿ ಕಣ್ಣಿಗೆ ಕಾಣುತ್ತಿರಲಿಲ್ಲ. ಬೆಣಚುಕಲ್ಲಿನ ನುಣುಪು ಧೂಳು ಶ್ವಾಸಕೋಶದಲ್ಲಿ ಕೂತು ತರುವ ಸಿಲಿಕೋಸಿಸ್ ರೋಗಕ್ಕೆ ಮದ್ದಿಲ್ಲ. 1940ರ ದಶಕದಲ್ಲಿ ಅಲ್ಲಿನ ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತು ಮಂದಿಯಲ್ಲಿ ನಾಲ್ವರಿಗೂ ಹೆಚ್ಚು ಜನರಲ್ಲಿ ಈ ರೋಗದ ಲಕ್ಷಣ ಕಂಡಿತು. ಅನುಭವಿಗಳನ್ನು ಉಳಿಸಿಕೊಳ್ಳುವ ಮಾತಾಡುವಾಗ ಈ ಸಂಗತಿ ಮರೆಯಬಾರದು. ಇಪ್ಪತ್ತು ವರ್ಷ ಗಣಿಯಲ್ಲಿ ನಿಂತವನ ವಿದ್ಯೆ ಬೆಳೆದಂತೆ ಅವನ ಉಸಿರು ಕಡಿಮೆಯಾಗುತ್ತಿತ್ತು. ಧೂಳನ್ನು ನೀರು ಸಿಂಪಡಿಸಿ ಅಡಗಿಸುವುದು, ಗಾಳಿಯಾಡುವಂತೆ ಮಾಡುವುದು, ನಿಯಮಿತವಾಗಿ ಎದೆಯ ಎಕ್ಸ್‌ರೇ ತೆಗೆಯುವುದು ಇವೆಲ್ಲ ದಯೆಯ ಕೆಲಸಗಳಲ್ಲ. ನುರಿತ ಕೆಲಸಗಾರನನ್ನು ಉಳಿಸಿಕೊಳ್ಳುವ ಮೊದಲ ಮೆಟ್ಟಿಲು ಅವನನ್ನು ಜೀವಂತವಾಗಿ ಉಳಿಸುವುದು.

ಗಣಿ ಮುಚ್ಚಿದಾಗ

1956ರ ನವೆಂಬರ್ 28ರಂದು ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ರೂಪುಗೊಂಡಿತು. ಅಷ್ಟರಲ್ಲಿ ವಿದ್ಯೆ ಕೈ ಬದಲಾಯಿಸಿತ್ತು. ಹಿಂದೆ ಬಿಳಿಯರಿಗೆ ಮೀಸಲಾಗಿದ್ದ ಹುದ್ದೆಗಳಲ್ಲಿ ಭಾರತೀಯ ಎಂಜಿನಿಯರುಗಳು ಕೂತರು. ಉರಿಗಾಂನ ಸ್ಕೂಲ್ ಆಫ್ ಮೈನ್ಸ್ ಗಣಿ ಡಿಪ್ಲೊಮಾ ಕೊಡತೊಡಗಿತು. ಬಂಡೆ ಸಿಡಿತದ ಅಧ್ಯಯನದಿಂದ ಬೆಳೆದ ಪರಿಣತಿಯ ಬಲದ ಮೇಲೆ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಸ್ಥಾಪನೆಯಾಯಿತು. ದೇಶದ ಅಣೆಕಟ್ಟು, ಸುರಂಗ, ಗಣಿಗಳಿಗೆಲ್ಲ ಸಲಹೆ ಕೊಡುವ ಸಂಸ್ಥೆ ಅದು.

ಆದರೆ ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ ಬಂತು, ಆಳದ ಖರ್ಚು ಏರುತ್ತ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಉಳಿದದ್ದು ಸೈನೇಡ್ ದಿಬ್ಬಗಳು, ನೀರು ತುಂಬಿದ ಶಾಫ್ಟುಗಳು, ಕೆಲಸ ಕಳೆದುಕೊಂಡ ಸಾವಿರಾರು ಕುಟುಂಬಗಳು. ಕಂಪನಿಯ ಮನೆಗಳಲ್ಲಿ ತಲೆಮಾರುಗಳಿಂದ ಇದ್ದವರಿಗೆ ಆ ಮನೆಯ ಹಕ್ಕಿನ ಪ್ರಶ್ನೆ ವರ್ಷಗಟ್ಟಲೆ ಕಾಡಿತು. ಇಂದು ಕೆಜಿಎಫ್‌ನ ಯುವಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಬಂದು, ದುಡಿದು, ರಾತ್ರಿ ಮರಳುತ್ತಾರೆ. ಕೆಲಸ ಬೇರೆಡೆ ಇದ್ದರೂ ಊರು ಬಿಡಲು ಮನಸ್ಸಿಲ್ಲ. 2024ರ ಜೂನ್‌ನಲ್ಲಿ ಆ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆದರೆ ದಿಬ್ಬ ಅಗೆಯುವುದಕ್ಕೆ ಆಳದ ಗಣಿಯ ವಿದ್ಯೆ ಬೇಕಿಲ್ಲ. ಆ ವಿದ್ಯೆ ಬಲ್ಲವರಿಗೆ ಈಗ ವಯಸ್ಸಾಗಿದೆ.

ಹಟ್ಟಿ ಮತ್ತು ಕುದುರೆಮುಖ

ಕರ್ನಾಟಕದಲ್ಲಿ ಚಿನ್ನದ ಗಣಿಗಾರಿಕೆ ನಿಂತಿಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ ಕಂಪನಿಯ ಅಡಿಯಲ್ಲಿ ಇಂದಿಗೂ ನಡೆಯುತ್ತಿದೆ. ಬಿಸಿಲು ನಾಡಿನ ಈ ಊರಿಗೆ ಬೆಂಗಳೂರಿನ ಎಂಜಿನಿಯರನ್ನು ಕರೆತರುವುದು ಸುಲಭವಲ್ಲ. ಅಲ್ಲಿ ನೆರವಾದ ಸಂಗತಿಗಳಲ್ಲಿ ಒಂದು ವಸತಿ, ಶಾಲೆ, ಆಸ್ಪತ್ರೆ ಇರುವ ಕಾಲೊನಿ. ಇನ್ನೊಂದು, ಕೆಲಸಗಾರರಲ್ಲಿ ದೊಡ್ಡ ಪಾಲು ಸುತ್ತಲಿನ ಜಿಲ್ಲೆಗಳವರೇ ಆಗಿರುವುದು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಆ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲು ಸಿಕ್ಕಿದೆ. ತಂದೆ ತಾಯಿ, ಹೊಲ ಮನೆ ಹತ್ತಿರವಿದ್ದವನು ಎರಡು ಸಾವಿರ ರೂಪಾಯಿ ಹೆಚ್ಚಿಗೆ ಕೊಡುತ್ತೇನೆಂದರೆ ಎದ್ದು ಹೋಗುವುದಿಲ್ಲ.

ಕುದುರೆಮುಖದ್ದು ಬೇರೆ ಪಾಠ. 1976ರಲ್ಲಿ ಆರಂಭವಾದ ಕಬ್ಬಿಣದ ಅದಿರಿನ ಕಂಪನಿ ಮಲೆನಾಡಿನ ಕಾಡಿನ ನಡುವೆ ಸುಸಜ್ಜಿತ ಊರನ್ನೇ ಕಟ್ಟಿತು. ದೇಶದ ಎಲ್ಲ ಕಡೆಯಿಂದ ನುರಿತವರು ಬಂದರು, ಚೆನ್ನಾಗಿಯೇ ಉಳಿದರು. ಆದರೆ ಪಶ್ಚಿಮ ಘಟ್ಟದ ಕಾಡು, ಭದ್ರಾ ನದಿಯ ಮೇಲಾದ ಹಾನಿ ಸುಪ್ರೀಂ ಕೋರ್ಟ್ ತಲುಪಿ, 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು. ಊರು ಬರಿದಾಯಿತು. ಸಂಬಳ, ಮನೆ, ಶಾಲೆ ಎಲ್ಲ ಸರಿಯಿದ್ದರೂ ಸುತ್ತಲಿನ ನೆಲ ಜಲ ಒಪ್ಪದ ಗಣಿಯಲ್ಲಿ ಯಾವ ಉದ್ಯೋಗವೂ ಭದ್ರವಲ್ಲ.

ಇಂದಿನ ಜಗತ್ತು

ಪಶ್ಚಿಮ ಆಸ್ಟ್ರೇಲಿಯದ ಗಣಿಗಳು ಊರು ಕಟ್ಟುವ ಗೋಜಿಗೇ ಹೋಗದೆ, ಪರ್ತ್‌ನಿಂದ ವಿಮಾನದಲ್ಲಿ ಕರೆದೊಯ್ದು ಎರಡು ಮೂರು ವಾರ ದುಡಿಸಿ ವಾಪಸು ಕಳಿಸುವ ಪದ್ಧತಿ ಹಿಡಿದವು. ಸಂಬಳ ಭಾರಿ. ಆದರೆ ಅಲ್ಲಿನ ಶಾಸನಸಭೆಯ ಸಮಿತಿಯೊಂದು 2015ರಲ್ಲಿ ಈ ಕೆಲಸಗಾರರ ಮಾನಸಿಕ ಆರೋಗ್ಯದ ಬಗ್ಗೆ ಎಚ್ಚರಿಸಿತು. 2022ರಲ್ಲಿ ಇನ್ನೊಂದು ವರದಿ ಗಣಿ ಶಿಬಿರಗಳಲ್ಲಿ ಹೆಣ್ಣುಮಕ್ಕಳು ಎದುರಿಸುವ ಲೈಂಗಿಕ ಕಿರುಕುಳವನ್ನು ಬಯಲಿಗೆ ತಂದಿತು. ಭಾರತದಲ್ಲಿ 1952ರ ಗಣಿ ಕಾಯ್ದೆ ಮಹಿಳೆಯರು ಭೂಮಿಯ ಒಳಗೆ ಕೆಲಸ ಮಾಡುವುದನ್ನು ತಡೆದಿತ್ತು. 2019ರಲ್ಲಿ ಷರತ್ತುಗಳೊಂದಿಗೆ ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಹುದ್ದೆಗಳಿಗೆ ಬಾಗಿಲು ತೆರೆಯಿತು. ನುರಿತವರು ಸಿಗುತ್ತಿಲ್ಲ ಎಂದು ಕೊರಗುವ ಉದ್ಯಮ ಜನಸಂಖ್ಯೆಯ ಅರ್ಧ ಭಾಗವನ್ನು ಹೊರಗಿಟ್ಟಿತ್ತು ಎಂಬುದು ಯೋಚಿಸಬೇಕಾದ ವಿಷಯ.

ಕಾರ್ನ್‌ವಾಲ್‌ಗೆ ಮತ್ತೆ ಬರೋಣ. 1888ರಲ್ಲಿ ಆರಂಭವಾದ ಕ್ಯಾಂಬೋರ್ನ್ ಸ್ಕೂಲ್ ಆಫ್ ಮೈನ್ಸ್ ಜಗತ್ತಿಗೆಲ್ಲ ಗಣಿ ಎಂಜಿನಿಯರುಗಳನ್ನು ಕೊಟ್ಟಿತು. ಅಲ್ಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು. ಈಗ ತವರಕ್ಕೆ, ಲಿಥಿಯಂಗೆ ಬೇಡಿಕೆ ಏರಿ, ಆ ಗಣಿಯ ನೀರು ಹೊರಹಾಕಿ ಮತ್ತೆ ತೆರೆಯುವ ಯತ್ನ ನಡೆದಿದೆ. ಭಾರತವೂ 2025ರ ಜನವರಿಯಲ್ಲಿ ಪ್ರಮುಖ ಖನಿಜಗಳ ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಖನಿಜ ನೆಲದಲ್ಲಿ ಕಾಯುತ್ತದೆ. ವಿದ್ಯೆ ಕಾಯುವುದಿಲ್ಲ. ಒಂದು ತಲೆಮಾರು ಕಲಿಸದೆ ಹೋದರೆ ಮುಂದಿನದು ಮೊದಲಿನಿಂದ ಶುರುಮಾಡಬೇಕು.

ನಮಗೆ ಇದರಲ್ಲಿ ಏನಿದೆ?

ಈ ದೇಶದಲ್ಲಿ ಇಂದು ನಮ್ಮ ಅನೇಕರ ಪಾಸ್‌ಪೋರ್ಟಿನ ಕಥೆಯಲ್ಲಿ 'ಸ್ಕಿಲ್ಡ್ ವರ್ಕರ್' ಎಂಬ ಪದವಿದೆ. ಪ್ರಾಯೋಜಕ ಕಂಪನಿ ಕೈಬಿಟ್ಟರೆ ಸಾಮಾನ್ಯವಾಗಿ 60 ದಿನದಲ್ಲಿ ಇನ್ನೊಂದನ್ನು ಹುಡುಕಿಕೊಳ್ಳಬೇಕು. 2025ರ ಮೇ ತಿಂಗಳ ಸರ್ಕಾರಿ ಶ್ವೇತಪತ್ರ ಕಾಯಂ ನೆಲೆಸುವ ಅವಧಿಯನ್ನು 5 ವರ್ಷದಿಂದ 10 ವರ್ಷಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ಕೆಜಿಎಫ್‌ನ ಕೂಲಿಯ ಕಷ್ಟವನ್ನು ನಮ್ಮ ಕಷ್ಟಕ್ಕೆ ಹೋಲಿಸುವುದು ಅವರಿಗೆ ಮಾಡುವ ಅನ್ಯಾಯ. ಆದರೆ ಪ್ರಶ್ನೆ ಒಂದೇ ಜಾತಿಯದು. ನಮ್ಮನ್ನು ಉಳಿಸಿಕೊಳ್ಳಲಾಗುತ್ತಿದೆಯೇ, ಅಥವಾ ಕಟ್ಟಿಹಾಕಲಾಗುತ್ತಿದೆಯೇ? ಬಿಟ್ಟು ಹೋಗುವ ಸ್ವಾತಂತ್ರ್ಯವಿದ್ದೂ ಒಬ್ಬ ಉಳಿದರೆ ಮಾತ್ರ ಅವನನ್ನು ಉಳಿಸಿಕೊಂಡಂತೆ.

ಕೆಲಸಕ್ಕೆ ಜನರನ್ನು ನೇಮಿಸಿಕೊಳ್ಳುವ ಸ್ಥಾನದಲ್ಲಿ ಇರುವವರೂ ನಮ್ಮಲ್ಲಿ ಅನೇಕರಿದ್ದಾರೆ. ಅವರು ಗಮನಿಸಬೇಕಾದದ್ದನ್ನು ಕೋಲಾರ ಸ್ಪಷ್ಟವಾಗಿ ಹೇಳುತ್ತದೆ. ಮೊದಲು ಜೀವ, ಆರೋಗ್ಯ ಕಾಯಿರಿ. ಕಲಿಸುವುದನ್ನು ನಿಲ್ಲಿಸಬೇಡಿ. ಸೂರಿಗೂ ಕೆಲಸಕ್ಕೂ ಗಂಟು ಹಾಕಬೇಡಿ. ಸಂಶಯದಿಂದ ನೋಡಬೇಡಿ. ಒಂದು ದಿನ ಕೆಲಸ ಮುಗಿಯುತ್ತದೆ ಎಂದು ತಿಳಿದು, ಆ ದಿನಕ್ಕೆ ಮೊದಲೇ ಸಿದ್ಧತೆ ಮಾಡಿ.

ಇನ್ನು ಸಂಘವಾಗಿ ನಾವು ಮಾಡಬಹುದಾದದ್ದು ಸಣ್ಣದೇನಲ್ಲ. ಹೊಸದಾಗಿ ಸಟನ್‌ಗೆ ಬಂದ ಕುಟುಂಬಕ್ಕೆ ಮನೆ ಹುಡುಕಲು, ಮಗುವನ್ನು ಶಾಲೆಗೆ ಸೇರಿಸಲು, ವೈದ್ಯರ ಬಳಿ ಹೆಸರು ಬರೆಸಲು ಯಾವ ಕಂಪನಿಯೂ ಜೊತೆಗೆ ಬರುವುದಿಲ್ಲ. ಬರುವವರು ನಾವು. ಮಾರಿಕುಪ್ಪಂನ ಲೈನುಗಳಲ್ಲಿ ಓದುವ ಕೂಟ ಕಟ್ಟಿದವರು ಮಾಡಿದ್ದೂ ಇದನ್ನೇ. ಉಗಾದಿಯ ಬೇವು ಬೆಲ್ಲ, ಭಾನುವಾರದ ಕನ್ನಡ ಪಾಠ, ಕಷ್ಟಕ್ಕೆ ಬರುವ ಒಂದು ಫೋನ್ ಕರೆ ಯಾವ ವೇತನಪಟ್ಟಿಯಲ್ಲೂ ಕಾಣುವುದಿಲ್ಲ. ಆದರೆ ಪರದೇಶದಲ್ಲಿ ಮನುಷ್ಯ ಬೇರು ಬಿಡುವುದು ಅವುಗಳಿಂದಲೇ.